ಗೋಡೆಯ ಮೇಲಿನ ಎಂಬತ್ತೊಂದು

ಬಿರಾಗೊ ನಮ್ಮ ಅಬೆನಾಸೆಯ ಶಾಲೆಗೆ ಮೊದಲ ಸಲ ಬಂದ ದಿನ ತಾಯಿಯನ್ನು ಹಿಂದೆ ಬಿಟ್ಟು ಓಡಿ ಬಂದಿದ್ದಳು. ಆ ಕಾಲದಲ್ಲಿ ಹುಟ್ಟಿದ ದಿನವನ್ನು ಬರೆದಿಟ್ಟುಕೊಂಡವರು ಊರಿನಲ್ಲಿ ಪಾದ್ರಿಯ ಮನೆಯವರು ಮಾತ್ರ. ಉಳಿದವರ ಮಕ್ಕಳಿಗೆಲ್ಲ ಒಂದೇ ಪರೀಕ್ಷೆ. ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿಯನ್ನು ಮುಟ್ಟಬೇಕು. ಮುಟ್ಟಿದರೆ ಒಂದನೆಯ ತರಗತಿ, ಮುಟ್ಟದಿದ್ದರೆ ಮುಂದಿನ ವರ್ಷ ಬಾ ಎಂದು ಮನೆಗೆ ಕಳುಹಿಸುತ್ತಿದ್ದರು.

ಬಿರಾಗೊಳ ಬೆರಳು ಕಿವಿಗೆ ಕೂದಲೆಳೆಯಷ್ಟು ದೂರದಲ್ಲಿ ನಿಂತಿತು. ತಾಯಿ ಡುಫಿಯೆ ಹಿಂದಿನಿಂದ ಬಂದು ಮಗಳ ತಲೆಯನ್ನು ಮೆಲ್ಲಗೆ ಒಂದು ಪಕ್ಕಕ್ಕೆ ವಾಲಿಸಿದಳು. ಕಿವಿ ತಾನಾಗಿಯೇ ಬೆರಳಿಗೆ ಬಂದು ತಗುಲಿತು. ಮೇಷ್ಟರು ನೋಡಿಯೂ ನೋಡದವರಂತೆ ಹೆಸರು ಬರೆದುಕೊಳ್ಳಲು ಹೊರಟರು.

"ಅಮ್ಮ, ತಲೆ ಬಗ್ಗಿಸ್ಬೇಡ. ಹಿಂಗ್ ಮಾಡಿದ್ರೆ ಮುಟ್ಟಿದಂಗಲ್ಲ" ಎಂದು ಹುಡುಗಿ ಕತ್ತನ್ನು ನೆಟ್ಟಗೆ ಮಾಡಿದಳು. ಬೆರಳು ಮತ್ತೆ ಕಿವಿಯಿಂದ ಜಾರಿತು.

ಜಗಲಿಯಲ್ಲಿ ನಿಂತಿದ್ದವರೆಲ್ಲ ನಕ್ಕರು. ಡುಫಿಯೆ ಮಗಳ ಬೆನ್ನಿಗೊಂದು ಹಗುರವಾಗಿ ಗುದ್ದಿ, "ಇವಳನ್ನ ನಾನು ಹೆತ್ತಿದ್ದೋ, ಪೊಲೀಸ್ ಠಾಣೆಯೋರು ಹೆತ್ತಿದ್ದೋ" ಎಂದಳು. ಹಾಗಾದರೆ ನಿನ್ನ ವಯಸ್ಸೆಷ್ಟಮ್ಮ ಎಂದು ಮೇಷ್ಟರು ಡುಫಿಯೆಯನ್ನೇ ಕೇಳಿದ್ದಕ್ಕೆ, ಭೂಮಿ ನಡುಗಿದ ವರ್ಷ ತಾನು ತನ್ನ ಅವ್ವನ ಬೆನ್ನಿನ ಮೇಲೆ ಇದ್ದೆನೆಂದೂ, ಲೆಕ್ಕವನ್ನು ಓದಿದವರೇ ಹಾಕಿಕೊಳ್ಳಬೇಕೆಂದೂ ಹೇಳಿದಳು. ರಾಜಧಾನಿ ಆಕ್ರಾದ ಮನೆಗಳು ಕುಸಿದುಬಿದ್ದ ಆ ಭೂಕಂಪದಲ್ಲಿ ಡುಫಿಯೆಯ ಅವ್ವ ಒಲೆಯ ಮೇಲಿನ ಸಾರಿನ ಮಡಕೆಯನ್ನು ಬಿಟ್ಟು, ಬೆನ್ನಿಗೆ ಕಟ್ಟಿದ ಕೂಸಿನೊಡನೆ ಗದ್ದೆಯವರೆಗೂ ಓಡಿದ ಕಥೆ ಊರಿನಲ್ಲಿ ಎಲ್ಲರಿಗೂ ಬಾಯಿಪಾಠವಾಗಿತ್ತು. ಮುಂದೆ ನಡೆದದ್ದಕ್ಕೆ ಈ ಕಥೆಯೇ ಮೂಲವಾಯಿತು ಎಂದರೂ ಸಲ್ಲುತ್ತದೆ.

ಬಿರಾಗೊ ಒಂದು ವರ್ಷ ತಡವಾಗಿ ಶಾಲೆ ಸೇರಿದಳು. ಓದಿದಳು, ಆಕ್ರಾಕ್ಕೆ ಹೋಗಿ ಸರ್ಕಾರದ ಲೆಕ್ಕಪರಿಶೋಧನೆಯ ಕಚೇರಿಯಲ್ಲಿ ಕೆಲಸಕ್ಕೆ ಸೇರಿದಳು. ಲಾಟರಿಯನ್ನು ನಡೆಸುವುದು ಒಂದು ಕಚೇರಿ. ಅದರ ಮೇಲೆ ಕಣ್ಣಿಡಲು ಸರ್ಕಾರ ಕಳುಹಿಸುವುದು ಇನ್ನೊಂದು ಕಚೇರಿಯವರನ್ನು. ಹೀಗೆ ಪ್ರತಿ ಶನಿವಾರ ಡ್ರಾ ನಡೆಯುವ ಸಭಾಂಗಣದಲ್ಲಿ ವೇದಿಕೆಯ ಬಲಬದಿಯ ಕುರ್ಚಿ ಅವಳದಾಯಿತು. ಒಂದರಿಂದ ತೊಂಬತ್ತರವರೆಗೆ ಅಂಕಿ ಬರೆದ ತೊಂಬತ್ತು ರಬ್ಬರ್ ಚೆಂಡುಗಳನ್ನು ಒಂದೊಂದಾಗಿ ತಕ್ಕಡಿಯಲ್ಲಿಟ್ಟು ತೂಗಬೇಕು, ಬಿರುಕಿದೆಯೇ ಎಂದು ಬೆರಳಾಡಿಸಿ ನೋಡಬೇಕು, ಜನರ ಕಡೆಗೆ ಎತ್ತಿ ತೋರಿಸಬೇಕು. ಬೇಕೆಂದವರು ಮುಂದೆ ಬಂದು ತಾವೂ ಮುಟ್ಟಿ ನೋಡಬಹುದು. ಆಮೇಲೆ ಚಕ್ರ ತಿರುಗುತ್ತದೆ, ಐದು ಚೆಂಡು ಬೀಳುತ್ತವೆ, ಅವಳು ರುಜು ಹಾಕುತ್ತಾಳೆ. ಜನ ಮೊದಲೇ ಚೀಟಿಯಲ್ಲಿ ಬರೆಸಿದ ಅಂಕಿ ಆ ಐದರಲ್ಲಿದ್ದರೆ ಅವರಿಗೆ ಹಣ. ಅವಳ ರುಜು ಬೀಳುವವರೆಗೆ ಆ ಅಂಕಿಗಳು ಅಂಕಿಗಳೇ ಅಲ್ಲ.

ಇದು ಊರಿಗೆ ಹೆಮ್ಮೆ, ಅವಳಿಗೆ ಕಾಟ. ನಮ್ಮ ಜನ ಕನಸಿನಲ್ಲಿ ಆಮೆ ಕಂಡರೂ ಅದಕ್ಕೊಂದು ಅಂಕಿ ಹುಡುಕುವವರು. ಕಾರು ಗುದ್ದಿದರೆ ಅದರ ನಂಬರಿಗೆ ಚೀಟಿ ಬರೆಸುವವರು. ಇಂಥ ಊರಿನಲ್ಲಿ ಸರ್ಕಾರದ ಕಣ್ಣೇ ಆದವಳು ಓಡಾಡಿದರೆ ಸುಮ್ಮನಿರುತ್ತಾರೆಯೇ? ಅವಳ ರವಿಕೆಯ ಗುಂಡಿ ಎಣಿಸಿದರು. ಟಿವಿಯಲ್ಲಿ ಅವಳು ಎಷ್ಟು ಸಲ ಕೆಮ್ಮಿದಳೆಂದು ಎಣಿಸಿದರು. ಅವಳು ಪ್ರತಿ ಶನಿವಾರವೂ ಒಂದೇ ಬೂದುಬಣ್ಣದ ಫ್ರಾಕು ತೊಡಲಾರಂಭಿಸಿದಳು, ಗುಂಡಿಯಿಲ್ಲದ್ದು. ಊರಿಗೆ ಬಂದಾಗ ಬಾಯಲ್ಲಿ ಅಂಕಿಯನ್ನೇ ಆಡುತ್ತಿರಲಿಲ್ಲ. ಜೊತೆಯಲ್ಲಿ ಓದಿದ ತಾವಿಯಾ ಸಂತೆಕಟ್ಟೆಯಲ್ಲಿ ಮೆಕ್ಕೆಜೋಳದ ಹಿಟ್ಟಿನ ಕೆಂಕೆ ಉಂಡೆ ಮಾರುತ್ತಿದ್ದಳು. ಎಷ್ಟು ಬೇಕು ಎಂದರೆ ಬಿರಾಗೊ, "ಮನೆಗೆ ಸಾಕಾಗೋವಷ್ಟು" ಎನ್ನುತ್ತಿದ್ದಳು. ಬೆರಳು ಕೂಡ ಎತ್ತುತ್ತಿರಲಿಲ್ಲ. "ನಿನಗೆ ಗಂಡ ಸಿಕ್ಕಿದ್ರೆ ಮಕ್ಕಳೆಷ್ಟು ಬೇಕು ಅಂತ ಹೆಂಗೆ ಹೇಳ್ತಿದ್ಯೋ" ಎಂದು ತಾವಿಯಾ ರೇಗಿಸುತ್ತಿದ್ದಳು. ಮದುವೆಯಾಗದ ಬಿರಾಗೊ ನಗುತ್ತ ಬುಟ್ಟಿ ಮುಂದೆ ಚಾಚುತ್ತಿದ್ದಳು.

ಹೀಗೆ ವರ್ಷಗಳು ಸಂದವು. ಅವಳ ಬಳಿ ಮನೆಯಿಲ್ಲ, ಕಾರಿಲ್ಲ. ಇದ್ದದ್ದು ಆ ಕುರ್ಚಿಯಲ್ಲಿ ಕೂರುವ ಹೆಸರೊಂದೇ. ಅದನ್ನು ಅವಳು ಒಗೆದು ಮಡಿಸಿಟ್ಟ ಬಟ್ಟೆಯಂತೆ ಕಾಪಾಡಿಕೊಂಡಿದ್ದಳು.

ಡುಫಿಯೆ ತೀರಿಕೊಂಡದ್ದು ಮಳೆಗಾಲ ಮುಗಿಯುತ್ತಿದ್ದಾಗ. ಕಾಯಿಲೆಯಲ್ಲಿ ಮಲಗಿದ್ದಾಗಲೇ ಮಗಳಿಗೆ ಹೇಳಿದ್ದಳು: "ನನಗೆ ಬಿಳಿ ಉಟ್ಕೊಂಡು ಕುಣಿದು ಕಳಿಸಿಕೊಡ್ರಿ. ಕಪ್ಪು ಕೆಂಪು ಸುತ್ಕೊಂಡು ಎದೆ ಬಡ್ಕೊಳ್ಳೋದು ನನಗೆ ಬ್ಯಾಡ." ನಮ್ಮಲ್ಲಿ ಎಪ್ಪತ್ತು ದಾಟಿ ಹೋದವರ ಸಾವು ಹಬ್ಬ, ಬಿಳಿ ಉಡುತ್ತಾರೆ, ಡೋಲು ಬಡಿಯುತ್ತಾರೆ. ಅದಕ್ಕೆ ಮೊದಲೇ ಹೋದವರದು ಅಕಾಲ ಮರಣ, ಕಪ್ಪು, ಕೆಂಪು. ಭೂಮಿ ನಡುಗಿದ ವರ್ಷದಿಂದ ಎಣಿಸಿದರೆ ಡುಫಿಯೆಗೆ ಅರವತ್ತೆಂಟರ ಆಚೀಚೆ.

ನಮ್ಮಲ್ಲಿ ಶವವನ್ನು ಆಸ್ಪತ್ರೆಯ ಶೈತ್ಯಾಗಾರದಲ್ಲಿಟ್ಟು ವಾರಗಳ ಮೇಲೆ ಮಣ್ಣು ಮಾಡುತ್ತಾರೆ. ಅಂತ್ಯಕ್ರಿಯೆಯ ಪೋಸ್ಟರ್ ಅಚ್ಚುಹಾಕಿಸಲು ಮನೆತನದವರು ಸೇರಿದರು. ಮನೆತನದ ಹಿರಿಯನೆಂದರೆ ಡುಫಿಯೆಯ ತಮ್ಮ ಅಂತ್ವಿ, ಬಿರಾಗೊಳ ಸೋದರಮಾವ. ದೊಡ್ಡ ದನಿ, ದೊಡ್ಡ ನಗು, ಲಾಟರಿಯೆಂದರೆ ಪ್ರಾಣ. ಹಳೆಯ ಡ್ರಾಗಳ ಪಟ್ಟಿ ಹಿಡಿದು ಅಂಕಿಗಳ ಜಾತಕ ಹೇಳುತ್ತಿದ್ದ ಮನುಷ್ಯ. ಅಕ್ಕನ ಆಸೆ ಕೇಳಿದ ಮೇಲೆ, ವಯಸ್ಸು ಎಂಬತ್ತೊಂದು ಎಂದು ಹಾಕಿಸೋಣವೆಂದ. ಎಪ್ಪತ್ತೊಂದು ಎಂದರೆ ಗೆರೆ ದಾಟಿಸಲೆಂದೇ ಹೇಳಿದಂತೆ ಕಾಣುತ್ತದೆ, ಎಂಬತ್ತೊಂದಾದರೆ ಯಾರೂ ಕೇಳುವುದಿಲ್ಲ ಎಂಬುದು ಅವನ ವಾದ.

ಅಂತ್ವಿಯ ತಂಗಿಯೊಬ್ಬಳು, "ಹಂಗಾದ್ರೆ ಅವಳ ಬೆನ್ನ ಹಿಂದೇನೇ ಹುಟ್ಟಿದ ನೀನು ಎಷ್ಟಾದೆ ಅಣ್ಣ? ಹೋದ ತಿಂಗಳು ಹೆಣ್ಣು ಕೇಳೋಕೆ ಹೋದಾಗ ಅರವತ್ತೂ ಆಗಿಲ್ಲ ಅಂದಿದ್ಯಂತೆ" ಎಂದಳು. ಎಲ್ಲರೂ ನಕ್ಕರು, ಅಂತ್ವಿ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕ.

ಬಿರಾಗೊ ಒಬ್ಬಳು ನಗಲಿಲ್ಲ. ಮಾವ ಎಷ್ಟೋ ವಾರಗಳಿಂದ ಬೇವಿನ ಮರದ ಕೆಳಗೆ ಕುಳಿತು, ಎಂಬತ್ತೊಂದು ಬಹಳ ದಿನದಿಂದ ಡ್ರಾದಲ್ಲಿ ಬೀಳದೆ ನಿದ್ದೆ ಹೊಡೆಯುತ್ತಿದೆ, ಏಳುವ ಹೊತ್ತಾಯಿತು ಎಂದು ಹೇಳುತ್ತಿದ್ದುದು ಅವಳ ಕಿವಿಗೂ ಬಿದ್ದಿತ್ತು. ಆ ಅಂಕಿ ಎಲ್ಲಿಂದ ಎದ್ದು ಬಂದಿತೆಂದು ಅವಳಿಗೆ ಆ ಕ್ಷಣವೇ ಗೊತ್ತಾಯಿತು. ಎಂಬತ್ತೊಂದು ಬೇಡ, ಬೇರೇನಾದರೂ ಹಾಕಿ ಎನ್ನಬಹುದಿತ್ತು. ಎಂದರೆ ಮಾತು ಬೆಳೆಯುತ್ತದೆ. ಬೆಳೆದರೆ ಯಾರಾದರೊಬ್ಬರು ನಿಜವಾದ ವಯಸ್ಸು ಕೇಳುತ್ತಾರೆ. ಕೇಳಿದರೆ ತಾಯಿಯ ಬಿಳಿಬಟ್ಟೆ ಹೋಗುತ್ತದೆ. ಎಲ್ಲರೂ ಅವಳ ಮುಖ ನೋಡುತ್ತಿದ್ದರು.

"ಹೂಂ" ಎಂದಳು.

ವಾರದೊಳಗೆ ಡುಫಿಯೆಯ ನಗುಮುಖ ಊರಿನ ಗೋಡೆಗಳನ್ನೆಲ್ಲ ತುಂಬಿತು. ಚಿತ್ರದ ಕೆಳಗೆ ಅಂಗೈಯಗಲದ ಅಕ್ಷರದಲ್ಲಿ ಎಂಬತ್ತೊಂದು. ಅದರ ಕೆಳಗೆ ದುಃಖಿಸುವವರ ಸಾಲಿನಲ್ಲಿ ಮೊದಲ ಹೆಸರು ಬಿರಾಗೊಳದು.

ಅಂತ್ಯಕ್ರಿಯೆಗೆ ಒಂದು ವಾರ ಮುಂಚಿನ ಶನಿವಾರ ಅವಳು ಎಂದಿನಂತೆ ಬೂದು ಫ್ರಾಕು ತೊಟ್ಟು ಸಭಾಂಗಣಕ್ಕೆ ಹೋದಳು. ಎದುರಿನ ಬೆಂಚುಗಳಲ್ಲಿ ಅಬೆನಾಸೆಯ ಮುಖಗಳು ಕಂಡವು. ಟ್ರೊಟ್ರೊ ವ್ಯಾನೊಂದನ್ನು ಗೊತ್ತುಮಾಡಿಕೊಂಡು ಬಂದಿದ್ದರು. ತನ್ನ ದುಃಖದಲ್ಲಿ ಜೊತೆಯಾಗಲು ಬಂದಿದ್ದಾರೆಂದುಕೊಂಡು ಅವಳ ಕಣ್ಣು ತೇವವಾಯಿತು. ಚೆಂಡುಗಳನ್ನು ತೂಗುತ್ತ, ಎತ್ತಿ ತೋರಿಸುತ್ತ ಹೋದಳು. ಪಕ್ಕದಲ್ಲಿ ನಿಂತ ನೌಕರ ಅಂಕಿಯನ್ನು ಕೂಗುತ್ತಿದ್ದ. ಎಂಬತ್ತೊಂದನೆಯ ಚೆಂಡನ್ನು ಎತ್ತಿದಾಗ ಆ ಬೆಂಚುಗಳಿಂದ, ಪ್ರಾರ್ಥನೆಯ ಕೊನೆಯಲ್ಲಿ ಬರುವಂಥ ಒಂದು ಮೆಲುದನಿ ಎದ್ದಿತು. ಅವಳ ಕೈ ತಕ್ಕಡಿಯ ಮೇಲೆ ತಡೆಯಿತು. ಆ ಚೆಂಡನ್ನು ಮತ್ತೊಮ್ಮೆ ತೂಗಿದಳು. ತೂಕ ಸರಿಯಾಗಿತ್ತು.

ಚಕ್ರ ತಿರುಗಿತು. ಮೂರನೆಯ ಚೆಂಡಾಗಿ ಎಂಬತ್ತೊಂದು ಬಿದ್ದಿತು.

ಅಬೆನಾಸೆಯ ಬೆಂಚುಗಳು ಎದ್ದು ನಿಂತವು. "ನಮ್ಮ ಮಗಳು, ನಮ್ಮ ಮಗಳು" ಎಂದು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಮುದುಕನೊಬ್ಬ ಟೋಪಿ ತೆಗೆದು ವೇದಿಕೆಯ ಕಡೆಗೆ ತಲೆಬಾಗಿದ. ಟಿವಿಯ ಕ್ಯಾಮೆರಾ ಅವರ ಕಡೆಗೂ ತಿರುಗಿತು, ಅವಳ ಕಡೆಗೂ ತಿರುಗಿತು. ಅವಳು ರುಜು ಹಾಕಿದಳು. ತಾನು ತಪ್ಪು ಮಾಡಿಲ್ಲವೆಂದು ಅವಳಿಗೆ ಗೊತ್ತು. ಆದರೂ ಕಳ್ಳಿಯೊಬ್ಬಳು ತನ್ನ ಕೈಯಿಂದ ಬರೆಯುತ್ತಿದ್ದಾಳೆ ಎನಿಸಿತು.

ಮರುದಿನ ಅವಳು ಅಂತ್ಯಕ್ರಿಯೆಯ ಸಿದ್ಧತೆಗೆ ಊರಿಗೆ ಬಂದಳು. ಇಗರ್ಜಿ ಬಿಡುವ ಹೊತ್ತಿಗೆ ತಾವಿಯಾ ಕಾಲು ಕಟ್ಟಿದ ಕೋಳಿಯೊಂದನ್ನು ಕಂಕುಳಲ್ಲಿಟ್ಟುಕೊಂಡು ಅಂಗಳಕ್ಕೆ ಬಂದಳು.

"ಅಲ್ಲ ಕಣೆ, ಇಷ್ಟು ವರ್ಷ ಬಾಯಿ ಹೊಲ್ಕೊಂಡಿದ್ದೆ. ಕೊನೆಗೂ ತಾಯಿ ಹೆಸರಲ್ಲಿ ಬಾಯಿ ಬಿಟ್ಯಲ್ಲ, ನಿನ್ ಹೊಟ್ಟೆ ತಣ್ಣಗಿರ್ಲಿ. ಸೋರೋ ಸೂರಿಗೆ ತಗಡು ಹಾಕಿಸ್ತೀನಿ."

"ನಾನೇನೂ ಹೇಳಿಲ್ಲ ತಾವಿಯಾ."

"ಹೌದೌದು, ನೀನೇನು ಹೇಳಿಲ್ಲ. ಗೋಡೆ ಹೇಳ್ತು" ಎಂದು ತಾವಿಯಾ ಕಣ್ಣು ಮಿಟುಕಿಸಿದಳು.

"ಅದು ಅಮ್ಮನ ವಯಸ್ಸು."

"ನಿಮ್ಮಮ್ಮನ ವಯಸ್ಸು ನನಗ್ಗೊತ್ತಿಲ್ವಾ? ಭೂಮಿ ನಡುಗಿದಾಗ ಬೆನ್ನ ಮೇಲಿದ್ದೋಳು ಎಂಬತ್ತೊಂದು ಹೆಂಗಾಗ್ತಾಳೆ? ಬೇರೆ ಯಾರಾದ್ರೂ ಹಾಕಿಸಿದ್ರೆ ತಪ್ಪು ಅಂದ್ಕೊಂಡು ಸುಮ್ನಾಗ್ತಿದ್ವಿ. ನೀನು ಲೆಕ್ಕ ತಪ್ಪೋಳಲ್ಲ. ಅದಕ್ಕೇ ಊರೆಲ್ಲ ತಿಳ್ಕೊಂಡ್ವಿ." ಅವಳು ಕೋಳಿಯನ್ನು ಬಿರಾಗೊಳ ಕಾಲ ಬಳಿ ಇಟ್ಟು, ಕೈಮುಗಿದು ಹೋದಳು.

ಆಗ ಬಿರಾಗೊಳಿಗೆ ಎಲ್ಲವೂ ಅರ್ಥವಾಯಿತು. ಊರು ನಂಬಿದ್ದು ಅವಳ ಪ್ರಾಮಾಣಿಕತೆಯನ್ನೇ. ಜೀವನದಲ್ಲಿ ಒಂದೇ ಒಂದು ಸಲ ಅವಳು ತಲೆ ವಾಲಿಸಿದ್ದಳು. ಅವಳು ತಲೆ ವಾಲಿಸುವವಳಲ್ಲ ಎಂದು ಗೊತ್ತಿದ್ದ ಜನ ಅದನ್ನು ಸನ್ನೆಯೆಂದು ಓದಿಕೊಂಡಿದ್ದರು. ಕೋಳಿ ಸಂಜೆಯವರೆಗೂ ಅಂಗಳದಲ್ಲಿ ಹಾಗೆಯೇ ಬಿದ್ದಿತ್ತು. ಅದನ್ನು ಬಿಚ್ಚಿಬಿಡುವುದಕ್ಕೂ ಅವಳಿಗೆ ಮುಖವಿರಲಿಲ್ಲ.

ಆ ಶನಿವಾರದ ಅಂತ್ಯಕ್ರಿಯೆಯಂಥದನ್ನು ಅಬೆನಾಸೆ ಕಂಡಿರಲಿಲ್ಲ. ಗಾಜಿನ ಕಿಟಕಿಯ ಶವಪೆಟ್ಟಿಗೆ, ಕುಮಾಸಿ ನಗರದಿಂದ ಬಂದ ಡೋಲಿನವರು; ಎಲ್ಲ ಅಂತ್ವಿಯ ಖರ್ಚು. ಆ ಖರ್ಚು ಎಲ್ಲಿಂದ ಬಂತೆಂದು ಕೇಳುವ ಅಗತ್ಯ ಯಾರಿಗೂ ಇರಲಿಲ್ಲ. ಎಲ್ಲೆಲ್ಲೂ ಬಿಳಿಬಟ್ಟೆ. ಬಿರಾಗೊ ಶವದ ಹಿಂದೆ ನಡೆಯುತ್ತಿದ್ದಾಗ ಹೆಂಗಸರು ಹೆಗಲ ಮೇಲಿನ ಬಟ್ಟೆಗಳನ್ನು ತೆಗೆದು ಅವಳ ಹೆಜ್ಜೆಗೆ ಹಾಸಿದರು, ಕರವಸ್ತ್ರದಿಂದ ಅವಳ ಮುಖಕ್ಕೆ ಗಾಳಿ ಬೀಸಿದರು. ರಾಣಿಯಂಥವರಿಗೆ ಮಾಡುವ ಗೌರವ ಅದು. ಅವಳು ಬಟ್ಟೆಗಳನ್ನು ತುಳಿಯದೆ ಪಕ್ಕಕ್ಕೆ ಸರಿಯಲು ನೋಡಿದಳು. ಅವರು ಪಕ್ಕಕ್ಕೂ ಹಾಸಿದರು. ತಾಯಿಗಾಗಿ ಅಳಬೇಕಾದ ದಿನ ಅವಳಿಗೆ ಅಳು ಬರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಕಚೇರಿಯ ಕರೆ ಬಂದಿತು. ಅಬೆನಾಸೆಯ ಚೀಟಿಗಳು ಒಟ್ಟೊಟ್ಟಿಗೆ ಗೆದ್ದದ್ದನ್ನೂ ಗೋಡೆಯ ಪೋಸ್ಟರನ್ನೂ ಪತ್ರಿಕೆಯೊಂದು ಜೊತೆಗಿಟ್ಟು ಬರೆದಿತ್ತು. ವಿಚಾರಣೆ ಮುಗಿಯುವವರೆಗೆ ಅವಳು ಡ್ರಾಗೆ ಬರಕೂಡದು.

ಅಂತ್ವಿ ಅವಳನ್ನು ಮನೆಯ ಹಿಂದಿನ ಬಾಳೆಗಿಡಗಳ ಬಳಿಗೆ ಕರೆದೊಯ್ದ. ಅವನ ನಗು ಇಳಿದುಹೋಗಿತ್ತು.

"ನೋಡು ಮಗಳೆ, ಎಂಬತ್ತೊಂದು ನಮ್ಮಕ್ಕನ ನಿಜವಾದ ವಯಸ್ಸು ಅನ್ನು. ಮುಗೀತು. ಆಕಸ್ಮಿಕ ಅಂತಾರೆ, ಬಿಡ್ತಾರೆ. ಸತ್ತೋಳನ್ನ ಎಬ್ಬಿಸಿ ಕೇಳ್ತಾರಾ?"

"ಅಲ್ಲ ಅಂದ್ರೆ?"

"ಅಲ್ಲ ಅಂದ್ರೆ ಎಂಬತ್ತೊಂದು ಎಲ್ಲಿಂದ ಬಂತು ಅಂತ ಕೇಳ್ತಾರೆ. ನಾನು ಹೋಗ್ತೀನಿ, ನೀನು ಹೋಗ್ತೀಯ, ನಿಮ್ಮಮ್ಮನ ಬಿಳಿಬಟ್ಟೆನೂ ಹೋಗುತ್ತೆ. ಊರೋರ ಮುಂದೆ ಕುಣಿದಿದ್ದೀವಿ ಕಣಮ್ಮ."

ಮಾವನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಹೂಂ ಎಂದರೆ ಕುರ್ಚಿ ಉಳಿಯುತ್ತಿತ್ತು, ತಾಯಿಯ ಮಾನ ಉಳಿಯುತ್ತಿತ್ತು. ಮೊದಲ ಹೂಂಗಿಂತ ಈ ಹೂಂ ಏನೂ ಭಾರವಾಗಿರಲಿಲ್ಲ. ಆಕ್ರಾಕ್ಕೆ ಹೋಗುವ ವ್ಯಾನಿನಲ್ಲಿ ದಾರಿಯುದ್ದಕ್ಕೂ ಅವಳು ಆ ಪದವನ್ನು ಬಾಯಲ್ಲಿಟ್ಟುಕೊಂಡೇ ಕುಳಿತಿದ್ದಳು. ಊರಿನ ಕೊನೆಯ ಗೋಡೆಯಲ್ಲಿ ಮಳೆಗೆ ನೆನೆದ ಪೋಸ್ಟರಿನಲ್ಲಿ ತಾಯಿ ಇನ್ನೂ ನಗುತ್ತಿದ್ದಳು.

ವಿಚಾರಣೆಗೆ ಕುಳಿತವರಲ್ಲಿ ಮುಖ್ಯಳಾದವಳು ಅವಳ ವಯಸ್ಸಿನದೇ ಹೆಂಗಸು, ಮಾತು ಮೆದು. ಚೆಂಡುಗಳ ವಿಷಯ, ಬೀಗದ ವಿಷಯ, ಚಕ್ರದ ವಿಷಯ ಕೇಳಿದರು. ಬಿರಾಗೊ ಹೇಳುತ್ತ ಹೋದಳು. ಕೊನೆಗೆ ಆ ಹೆಂಗಸು, ತಾಯಿಯ ವಯಸ್ಸೆಷ್ಟಿತ್ತು ಎಂದು ಕೇಳಿದಳು.

"ಅರವತ್ತೆಂಟಿರ್ಬೇಕು. ಭೂಮಿ ನಡುಗಿದಾಗ ಬೆನ್ನ ಮೇಲಿದ್ಲಂತೆ."

ಆ ಹೆಂಗಸು ಮೇಜಿನ ಮೇಲಿದ್ದ ಪೋಸ್ಟರನ್ನು ಅವಳ ಕಡೆಗೆ ತಿರುಗಿಸಿದಳು. ಹಾಗಾದರೆ ಪೋಸ್ಟರಿನ ಅಂಕಿ?

"ಬಿಳಿ ಉಡಬೇಕು ಅನ್ನೋದು ಅಮ್ಮನ ಆಸೆ. ಅದಕ್ಕೆ ವಯಸ್ಸು ಹೆಚ್ಚಿಸಿದ್ವಿ. ಎಂಬತ್ತೊಂದು ಅಂತ ಹೇಳಿದ್ದು ಮಾವ. ಅವರು ಅದನ್ನ ಲಾಟರಿ ಪಟ್ಟಿಯಿಂದ ತಂದಿದ್ದು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಹೂಂ ಅಂದೆ. ನನ್ನ ಹೆಸರಿನ ಮೇಲೆ ಆ ಅಂಕಿ ಗೋಡೆ ಹತ್ತಿದ್ರೆ ಜನ ಏನಂತಾರೆ ಅಂತ ಯೋಚ್ನೆ ಮಾಡೋದೇ ನನ್ನ ಕೆಲಸವಾಗಿತ್ತು. ಅವತ್ತು ನಾನು ಅದನ್ನ ಮಾಡಲಿಲ್ಲ."

ಚೆಂಡುಗಳನ್ನು ಬೇರೆಯವರು ಮತ್ತೆ ತೂಗಿದರು, ಚಕ್ರವನ್ನು ಬಿಚ್ಚಿ ನೋಡಿದರು. ಯಾವ ದೋಷವೂ ಸಿಗಲಿಲ್ಲ. ಡ್ರಾ ಶುದ್ಧವಾಗಿತ್ತೆಂದು ಬರೆದರು. ಅವಳನ್ನು ಕರೆದು ಅದನ್ನು ಹೇಳುವಾಗ ಆ ಹೆಂಗಸು, "ಚೆಂಡು ಸರಿ ಇತ್ತಮ್ಮ. ಆದ್ರೆ ಆ ಕುರ್ಚಿ ಮೇಲೆ ಕೂತೋರನ್ನ ನೋಡಿ ಜನಕ್ಕೆ ಚೆಂಡು ಬಿಟ್ಟು ಬೇರೇನೂ ನೆನಪಾಗ್ಬಾರ್ದು" ಎಂದಳು. ಬಿರಾಗೊ ಅದಕ್ಕೂ ತಲೆಯಾಡಿಸಿದಳು. ಉಳಿದ ಸೇವೆಯನ್ನು ಅವಳು ಬೇರೆ ಊರಿನ ಕಚೇರಿಯೊಂದರಲ್ಲಿ ಆಸ್ಪತ್ರೆಗಳ ದಾಸ್ತಾನು ಪರಿಶೀಲಿಸುತ್ತ ಮುಗಿಸಿದಳು.

ವಿಚಾರಣೆಯಲ್ಲಿ ಅವಳು ಹೇಳಿದ್ದು ಅವಳಿಗಿಂತ ಮೊದಲೇ ಅಬೆನಾಸೆಗೆ ತಲುಪಿತ್ತು. ಮನೆತನದ ಹೆಂಗಸರು ಅವಳ ಮುಖ ನೋಡಲಿಲ್ಲ. ತಾಯಿಯ ವಯಸ್ಸನ್ನು ಸರ್ಕಾರದ ಮುಂದೆ ಬಿಚ್ಚಿಟ್ಟವಳು ಎಂದರು. ಅಂತ್ವಿ ಮನೆತನದ ಹಿರಿತನವನ್ನು ತಾನಾಗಿಯೇ ಬಿಟ್ಟುಕೊಟ್ಟು ಬೇವಿನ ಮರದ ಕೆಳಗೆ ಕೂರುವುದನ್ನೂ ನಿಲ್ಲಿಸಿದ. ಗೆದ್ದವರಿಗೂ ಬೇಸರ, ತಮ್ಮ ಅದೃಷ್ಟದಲ್ಲಿ ಯಾವ ಗುಟ್ಟೂ ಇರಲಿಲ್ಲವೆಂದು ಕೇಳಿ ಅದು ಸಪ್ಪೆಯಾದಂತೆ ಕಂಡಿತು. ಬಿರಾಗೊ ಬಿಳಿಬಟ್ಟೆಯನ್ನು ಮಡಿಸಿಟ್ಟು, ಅಕಾಲದಲ್ಲಿ ಹೋದವರಿಗೆ ಉಡುವ ಕಪ್ಪನ್ನು ಉಟ್ಟಳು. ವರ್ಷವೊಂದು ತುಂಬುವವರೆಗೂ ಅದರಲ್ಲೇ ಓಡಾಡಿದಳು. "ನಾವು ಕುಣಿದು ಮುಗಿಸಿದ ಮೇಲೆ ಇವಳು ಅಳೋಕೆ ಶುರು ಮಾಡಿದ್ಲು" ಎಂದು ಬಾವಿಕಟ್ಟೆಯಲ್ಲಿ ಆಡಿಕೊಂಡರು. ತಾಯಿಯ ಗೋರಿಗೆ ಕಲ್ಲು ನಿಲ್ಲಿಸಿದಾಗ ಹೆಸರನ್ನು ಮಾತ್ರ ಕೆತ್ತಿಸಿದಳು. ಕೆಲವರು ಆ ಹೆಸರಿನ ಅಕ್ಷರಗಳನ್ನು ಎಣಿಸಿ ಚೀಟಿ ಬರೆಸಿದರೆಂದೂ, ಅದು ಬೀಳಲಿಲ್ಲವೆಂದೂ ಕೇಳಿದ್ದೇವೆ.

ನಿವೃತ್ತಿಯ ಮೇಲೆ ಅವಳು ತಾಯಿಯ ಮನೆಯಲ್ಲೇ ಇದ್ದಾಳೆ. ತಾಳೆಯೆಣ್ಣೆ ಮಾಡಿ ಸಂತೆಕಟ್ಟೆಯಲ್ಲಿ ತಾವಿಯಾಳ ಪಕ್ಕದಲ್ಲೇ ಕೂತು ಮಾರುತ್ತಾಳೆ. ಆ ಜಾಗ ಕೊಟ್ಟವಳು ತಾವಿಯಾಳೇ. ಬಹಳ ದಿನ ಮಾತಿರಲಿಲ್ಲ, ಒಂದು ಬೆಳಿಗ್ಗೆ ತನ್ನ ಮಣೆಯನ್ನು ಸುಮ್ಮನೆ ಒಂದು ಪಕ್ಕಕ್ಕೆ ಸರಿಸಿದಳು, ಅಷ್ಟೆ. ಅಂತ್ವಿ ಈಗ ಕೋಲೂರಿಕೊಂಡು ನಡೆಯುತ್ತಾನೆ. ಭಾನುವಾರ ಅಕ್ಕನ ಮಗಳ ಅಂಗಳಕ್ಕೆ ಬಂದು ಫುಫು ಮುದ್ದೆ ಉಂಡು, ಹೆಚ್ಚು ಮಾತಾಡದೆ ಹೋಗುತ್ತಾನೆ. ಅವಳೂ ಕೆದಕುವುದಿಲ್ಲ.

ಶನಿವಾರ ಸಂಜೆ ಅಂಗಡಿಗಳ ರೇಡಿಯೊಗಳೆಲ್ಲ ಡ್ರಾದ ಕಡೆಗೆ ತಿರುಗಿದಾಗ ಅವಳು ಎಣ್ಣೆಯ ಡಬ್ಬಿಗಳನ್ನು ಎತ್ತಿಟ್ಟು ಮನೆಗೆ ಹೊರಡುತ್ತಾಳೆ. ಹೊರಡುವ ಮುನ್ನ ರಾತ್ರಿಯ ಊಟಕ್ಕೆ ಕೆಂಕೆ ಕೊಳ್ಳುತ್ತಾಳೆ. ತಾವಿಯಾ ಎಲೆಯ ಗಂಟು ಬಿಚ್ಚುತ್ತ, ಎಷ್ಟು ಬೇಕೆಂದು ಈಗಲೂ ಕೇಳುತ್ತಾಳೆ.

"ಎರಡು ಕೊಡು" ಎನ್ನುತ್ತಾಳೆ ಬಿರಾಗೊ, ಎಲ್ಲರಿಗೂ ಕೇಳುವಂತೆ.

ಎದುರಿನ ಕೊಡೆಯ ಕೆಳಗೆ ಲಾಟರಿ ಚೀಟಿ ಬರೆಯುವವನು ಇಂದಿಗೂ ಒಮ್ಮೆ ತಲೆಯೆತ್ತಿ ನೋಡುತ್ತಾನೆ. ಅವಳು ಕಣ್ಣು ತಗ್ಗಿಸಿ, ಉಂಡೆಗಳನ್ನು ಬುಟ್ಟಿಗೆ ಹಾಕಿಕೊಂಡು, ಬೇಗಬೇಗ ನಡೆಯುತ್ತಾಳೆ.